ಬೀಗದಕೈ ಗೊಂಚಲು

ಹನ್ನೊಂದನೆಯ ಒದೆತಕ್ಕೆ ಗಾಡಿ ಕೆಮ್ಮಿ, ನೀಲಿ ಹೊಗೆ ಉಗುಳಿ, ಎದ್ದಿತು.

"ಎಂಟು ತಿಂಗಳು ಮಲಗಿದ್ದನ್ನ ಎಬ್ಬಿಸಿದ್ರೆ ಬೈಯದೇ ಇರತ್ತಾ?" ಎಂದು ಮೆಕ್ಯಾನಿಕ್ ಕಿಕ್ಕರಿನಿಂದ ಕಾಲು ತೆಗೆದ. ಮನೆ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತಿದ್ದ ಅವಳು ನಗಬೇಕೆಂದುಕೊಂಡಳು. ಅಷ್ಟರಲ್ಲಿ ನಗುವ ಹೊತ್ತು ಮೀರಿತ್ತು.

ಬ್ಯಾಟರಿ ಹೊಸದು ಹಾಕಿಯಾಗಿತ್ತು, ಪ್ಲಗ್ಗು ಉಜ್ಜಿಯಾಗಿತ್ತು. ಇನ್ನು ಒಂದು ಸುತ್ತು ಓಡಿಸಿ ನೋಡಿದರೆ ಮುಗಿಯಿತು. ಭಾನುವಾರ ಗಂಡನ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಬಂದು ಗಾಡಿ ಒಯ್ಯುವವರಿದ್ದರು. "ನಿಂತ ಗಾಡಿ ನೋಡಿದಷ್ಟೂ ಹೊಟ್ಟೆ ಉರಿಯತ್ತೆ. ಓಡಿಸೋರಿಗೆ ಕೊಟ್ಟುಬಿಡು" ಎಂದು ಅತ್ತೆಯೇ ಹೇಳಿದ್ದರು.

ಮೆಕ್ಯಾನಿಕ್ ರಸ್ತೆಗಿಳಿದ. ಐವತ್ತು ಮಾರು ದೂರದಲ್ಲಿ ಒಂದು ಉಬ್ಬು. ಗಾಡಿ ಅದನ್ನು ಹತ್ತಿಳಿದದ್ದೇ ತಡ, ಸದ್ದು ಕತ್ತರಿಸಿದ ಹಾಗೆ ನಿಂತಿತು. ಅವನು ಬಗ್ಗಿ ನೋಡಿದ, ಏನೋ ಮುಟ್ಟಿದ, ಮತ್ತೆ ಒದ್ದ. ಎದ್ದಿತು. ತಿರುಗಿಸಿಕೊಂಡು ಬರುವಾಗ ಅದೇ ಉಬ್ಬಿನಲ್ಲಿ ಮತ್ತೆ ನಿಂತಿತು. ಕೊನೆಗೆ ತಳ್ಳಿಕೊಂಡೇ ಬಂದ. ಮುಖದಲ್ಲಿ ಮಾತ್ರ ಕಳೆದ ವಸ್ತು ಸಿಕ್ಕವನ ಸಂಭ್ರಮ.

"ಸಿಕ್ಕಿಬಿತ್ತು ನೋಡಮ್ಮಾ ಕಳ್ಳ! ನಿಮ್ಮನೆ ಮೇಷ್ಟ್ರು ಹೇಳ್ತಿದ್ದ ಕಾಯಿಲೆ ಇದೇ."

ಅವಳು ಸ್ಟೂಲಿನಿಂದ ಎದ್ದಳು. "ಇವರು ನಿಮ್ಮ ಹತ್ರ ಬಂದಿದ್ರಾ?"

"ಒಂದು ಸಲವಾ? ಮೂರು ಸಲ. 'ದಾರೀಲಿ ನಿಂತುಬಿಡತ್ತೆ ಅಣ್ಣಾ' ಅಂತಿದ್ರು. ಒಂದೊಂದು ದಿನ ಇಟ್ಕೊಂಡು ಊರೆಲ್ಲ ಸುತ್ತಿಸಿದೆ, ಒಂದು ಸಲ ನಿಂತಿದ್ರೆ ಕೇಳಿ. ಡಾಕ್ಟ್ರ ಮನೆ ಮೆಟ್ಟಿಲು ಹತ್ತಿದ್ರೆ ಹಲ್ಲುನೋವು ಮಾಯ ಅಂತಾರಲ್ಲ, ಹಾಗೆ. 'ಮೇಷ್ಟ್ರೇ, ಗಾಡಿಗಲ್ಲ, ನಿಮಗೇ ಏನೋ ಆಗಿದೆ' ಅಂತ ನಾನೂ ನಗಾಡಿಬಿಟ್ಟೆ."

ಅವಳು ನಗಾಡಿರಲಿಲ್ಲ. ಅವಳದು ಬೇರೆ ರೀತಿ. ಗಂಡ ತಡವಾಗಿ ಬಂದು, ಚಪ್ಪಲಿ ಬಿಡುತ್ತ, "ಗಾಡಿ ನಿಂತೋಯ್ತು ಕಣೇ" ಎಂದರೆ ಅವಳು ಪುಸ್ತಕದಿಂದ ತಲೆಯೆತ್ತದೆ, "ಭಾರೀ ಬುದ್ಧಿವಂತ ಗಾಡಿ. ನನಗೆ ಕೆಲಸ ಇರೋ ದಿನ ನೋಡ್ಕೊಂಡೇ ನಿಲ್ಲತ್ತೆ" ಎನ್ನುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಡ್ರಾಯಿಂಗ್ ಮೇಷ್ಟ್ರ ಎದುರು ಚದುರಂಗಕ್ಕೆ ಕೂತರೆ ಅವನಿಗೆ ಹೊತ್ತುಗೊತ್ತು ಇರುತ್ತಿರಲಿಲ್ಲ. ಅದು ಊರಿಗೇ ಗೊತ್ತಿದ್ದ ಸಂಗತಿ. ಹಾಗಾಗಿ ಗಾಡಿಯ ಮಾತು ಅವಳಿಗೆ ಕುಂಟುನೆಪವಾಗಿಯೇ ಕೇಳಿಸಿತ್ತು.

ಮೆಕ್ಯಾನಿಕ್ ಹೆಡ್‌ಲೈಟಿನ ಹಿಂದಿದ್ದ ಎರಡು ಸ್ಕ್ರೂ ಬಿಚ್ಚಿ, ಕೀ ತಿರುಗಿಸುವ ಸ್ವಿಚ್ಚನ್ನು ವಯರುಗಳ ಸಮೇತ ಹೊರಗೆಳೆದ. ಹೆಬ್ಬೆರಳು ಗಾತ್ರದ ಬಲ್ಬೊಂದನ್ನು ಅದರ ವಯರಿಗೆ ಸಿಕ್ಕಿಸಿ ಕೀ ತಿರುಗಿಸಿದ. ಬಲ್ಬು ಹತ್ತಿತು.

"ಈಗ ನೋಡಿ." ಕೀಯಿಂದ ನೇತಾಡುತ್ತಿದ್ದ ಗೊಂಚಲನ್ನು ಅವನು ಅಂಗೈಯಲ್ಲಿ ಎತ್ತಿ ಹಿಡಿದಿದ್ದ. ಕೈ ಬಿಟ್ಟು ಸ್ವಿಚ್ಚನ್ನು ಒಮ್ಮೆ ಕುಲುಕಿದ. ಗೊಂಚಲು ಝಲ್ಲೆಂದು ಜಗ್ಗಿತು. ಬಲ್ಬು ಆರಿತು. ಎತ್ತಿದ, ಹತ್ತಿತು. ಬಿಟ್ಟ, ಆರಿತು.

"ಒಳಗಡೆ ಹಿತ್ತಾಳೆ ಪಟ್ಟಿ ಸವೆದುಹೋಗಿದೆ. ಬರೀ ಗಾಡಿ ಕೀ ಇದ್ರೆ ಹೇಗೋ ಅಂಟ್ಕೊಂಡಿರತ್ತೆ. ಇಷ್ಟು ಭಾರ ಜಗ್ಗಿದ್ರೆ ಬಿಟ್ಟುಬಿಡತ್ತೆ. ಸವೆದಿದ್ದೂ ಈ ಭಾರಕ್ಕೇ ಅನ್ನಿ. ಯಾರ್ರೀ ಇದು, ಊರಿನ ಬೀಗದಕೈನೆಲ್ಲ ತಂದು ಇದಕ್ಕೆ ನೇತುಹಾಕಿದ ಪುಣ್ಯಾತ್ಮರು?"

ಅವಳು ಗೊಂಚಲನ್ನೇ ನೋಡುತ್ತಿದ್ದಳು. ಮುಂಬಾಗಿಲು, ಹಿತ್ತಿಲ ಬಾಗಿಲು, ಬೀರು, ಅತ್ತೆಯ ಟ್ರಂಕು, ವಿಶ್ವವಿದ್ಯಾಲಯದಲ್ಲಿ ಅವಳ ಮೇಜಿನ ಖಾನೆ, ಮಹಡಿಯ ಕೋಣೆ, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಎರಡು. ವರ್ಷಕ್ಕೆ ಮೂರು ಸಲ ಮನೆಯ ಬೀಗದಕೈ ಕಳೆಯುತ್ತಿದ್ದ ಗಂಡನಿಗೆ ಅವಳೇ ಕಂಡುಹಿಡಿದ ಔಷಧಿ ಅದು. "ಗಾಡಿಯನ್ನಂತೂ ಮರೆತು ಬರಲ್ಲ ತಾನೇ? ಎಲ್ಲ ಅದಕ್ಕೇ ಇರಲಿ" ಎಂದು ಉಕ್ಕಿನ ದಪ್ಪ ಬಳೆ ತಂದು, ಒಂದೊಂದಾಗಿ ಪೋಣಿಸಿದ್ದಳು. "ನನ್ನನ್ನೂ ಇದಕ್ಕೇ ಸಿಕ್ಕಿಸಿಬಿಡು, ಕಳೆದುಹೋಗಲ್ಲ" ಎಂದಿದ್ದ ಅವನು.

"ನಾನೇ" ಎಂದಳು.

ಮೆಕ್ಯಾನಿಕ್ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಅಂಗಿಗೆ ಒರೆಸಿಕೊಂಡ. "ಎಲ್ಲಾರೂ ಹಾಕ್ತಾರೆ ಬಿಡಿ. ಆದ್ರೆ ನನ್ನ ಹತ್ರ ಬಿಟ್ಟಾಗ ಈ ಗೊಂಚಲು ಇರ್ತಾನೇ ಇರ್ಲಿಲ್ವಲ್ಲ?"

ಇರುವುದು ಹೇಗೆ? ಗಾಡಿ ಬಿಟ್ಟು ಹೋಗುವವನಿಗೆ ಮನೆಯ ಬಾಗಿಲು ತೆಗೆಯಬೇಕಲ್ಲ. ಬೆಳಿಗ್ಗೆ ಗಂಡ ಹೊಸಿಲ ಮೇಲೆ ಕುಳಿತು, ಚಮಚದ ಹಿಡಿಯಿಂದ ಬಳೆಯ ಬಾಯಿ ಮೀಟಿ, ಗಾಡಿಯ ಕೀಯೊಂದನ್ನೇ ಬಿಡಿಸಿಕೊಳ್ಳುತ್ತಿದ್ದ. ಸಂಜೆ ಮತ್ತೆ ಪೋಣಿಸುತ್ತಿದ್ದ. "ಉಗುರು ಕಿತ್ತುಬಂತು" ಎಂದು ಬೆರಳು ತೋರಿಸಿದ್ದು ಅವಳಿಗೆ ನೆನಪಿತ್ತು. ಬೆರಳು ನೋಡಿದ್ದು ನೆನಪಿರಲಿಲ್ಲ.

"ಕೊನೇ ಸಲ ಯಾವಾಗ ಬಂದಿದ್ರು?"

"ಅದೇ, ಅವರು ಹೋಗೋಕೆ ಎರಡು ದಿನ ಮುಂಚೆ. 'ಈ ಸಲ ಹೇಗಾದ್ರೂ ಕಂಡುಹಿಡಿ ಅಣ್ಣಾ, ಮನೇಲಿ ನಂಬ್ತಿಲ್ಲ' ಅಂದ್ರು." ಹೇಳಿಯಾದ ಮೇಲೆ ಅವನಿಗೆ ಏನೋ ಹೊಳೆದಂತಾಯಿತು. "ತಮಾಷೆಗೆ ಅಂದಿದ್ರು ಅಮ್ಮಾ, ನಗ್ತಾನೇ ಅಂದಿದ್ರು."

ಗಂಡ ಹೋಗುವುದಕ್ಕೆ ನಾಲ್ಕು ದಿನ ಮುಂಚೆ ಅವಳ ಸಂಶೋಧನಾ ಪ್ರಬಂಧದ ಮೌಖಿಕ ಪರೀಕ್ಷೆ. ಗಡಿಬಿಡಿಯಲ್ಲಿ ತಿದ್ದಿದ ಪ್ರತಿಯನ್ನು ಮನೆಯಲ್ಲೇ ಬಿಟ್ಟುಹೋಗಿದ್ದಳು. ಫೋನಿನಲ್ಲಿ "ಇಪ್ಪತ್ತೇ ನಿಮಿಷ, ತಂದ್ಬಿಟ್ಟೆ ಅಂದ್ಕೋ" ಎಂದಿದ್ದ. ಒಂದೂವರೆ ಗಂಟೆಯಾದ ಮೇಲೆ, ಬೆವರಿನಲ್ಲಿ ತೊಯ್ದು, ಕಂಕುಳಲ್ಲಿ ಪ್ರತಿ ಹಿಡಿದು ಬಂದ. ಪರೀಕ್ಷಕರು ಅಷ್ಟರಲ್ಲಿ ಎದ್ದು ಹೋಗಿದ್ದರು. "ಗಾಡಿ ನಿಂತೋಯ್ತು ಕಣೇ" ಎಂದ. ಅವಳು ಪ್ರತಿಯನ್ನು ಕಿತ್ತುಕೊಂಡು ಬಸ್ಸು ಹಿಡಿದಳು. ಪರೀಕ್ಷೆ ಮುಂದಿನ ತಿಂಗಳಿಗೆ ಹೋಯಿತು. ಅವಳ ಮಾತು ನಿಂತಿತು. ತಟ್ಟೆ ಇಡುತ್ತಿದ್ದಳು, ಬಟ್ಟೆ ಮಡಚುತ್ತಿದ್ದಳು, ಮಾತಾಡುತ್ತಿರಲಿಲ್ಲ. ಒಂದು ವಾರ ಹೀಗೇ ಇರಲಿ ಎಂದು ಮನಸ್ಸಿನಲ್ಲೇ ಗಡುವು ಹಾಕಿದ್ದಳು. ನಾಲ್ಕನೆಯ ದಿನ ಏಳನೇ ತರಗತಿಯಲ್ಲಿ, ಬೋರ್ಡಿನ ಮೇಲೆ ಅರ್ಧ ಬರೆದ ಲೆಕ್ಕದೆದುರು, ಅವನು ಎದೆ ಹಿಡಿದುಕೊಂಡು ಕುಸಿದ.

"ಹೊಸ ಸ್ವಿಚ್ಚೇ ಹಾಕಿಬಿಡ್ತೀನಿ" ಎಂದ ಮೆಕ್ಯಾನಿಕ್. "ಅರ್ಧ ಗಂಟೆ ಕೆಲಸ. ಹೊಸ ಕೀ ಬರತ್ತೆ. ಡ್ರಾಯಿಂಗ್ ಮೇಷ್ಟ್ರಿಗೆ ಹೇಳಿ, ಅದಕ್ಕೆ ಒಂದು ದಾರವನ್ನೂ ಕಟ್ಟಬಾರದು ಅಂತ."

"ಇರಿ" ಎಂದಳು ಅವಳು. "ಹಾಕೋಕೆ ಮುಂಚೆ, ಇದನ್ನ ಮೊದಲಿನ ಹಾಗೇ ಜೋಡಿಸಿಕೊಡಿ. ನಾನೊಂದು ಸಲ ಓಡಿಸಬೇಕು."

"ನಿಮಗೆ ಬರತ್ತಾ?"

"ಇವರೇ ಕಲಿಸಿದ್ದು."

"ಅಯ್ಯೋ, ನಿಂತೋಗತ್ತಮ್ಮ ಅದು. ಗೊತ್ತಿದ್ದೂ ಗೊತ್ತಿದ್ದೂ..."

ಅವಳು ಬಂದು ಹ್ಯಾಂಡಲ್ ಹಿಡಿದಳು. ಅವನು ಅವಳ ಮುಖ ನೋಡಿದ. ಎರಡು ಸ್ಕ್ರೂಗಳನ್ನು ತಿರುಗಿಸಿ ಕೂರಿಸಿದ, ಗಾಡಿಯನ್ನು ಎಬ್ಬಿಸಿಕೊಟ್ಟ.

ಮೊದಲ ಉಬ್ಬಿನಲ್ಲಿ ಗಾಡಿ ನಿಲ್ಲಲಿಲ್ಲ. ಅವಳಿಗೆ ಒಂದು ಕ್ಷಣ ಎದೆ ಹಗುರವಾಯಿತು. ಹಾಗಾದದ್ದಕ್ಕೆ ಮರುಕ್ಷಣವೇ ನಾಚಿಕೆಯಾಯಿತು. ಮೊಣಕಾಲ ಬಳಿ ಗೊಂಚಲು ಬಡಿಯುತ್ತಿತ್ತು. ಔಷಧಿ ಅಂಗಡಿ ದಾಟಿ, ಅಂಚೆಕಚೇರಿ ದಾಟಿ, ವಿಶ್ವವಿದ್ಯಾಲಯದ ಕಡೆಗೆ ತಿರುಗುವ ಏರಿನಲ್ಲಿ ಚಕ್ರ ಒಂದು ಗುಂಡಿಗೆ ಇಳಿದೇಳುವಷ್ಟರಲ್ಲಿ ಸದ್ದು ಹೋಯಿತು. ಗಾಡಿ ಹಿಂದಕ್ಕೆ ಜಾರತೊಡಗಿತು. ಅವಳು ಎರಡೂ ಕಾಲು ನೆಲಕ್ಕೆ ಊರಿದಳು. ಹಿಂದೆ ಲಾರಿ ಹಾರನ್ ಹೊಡೆಯಿತು. ಕಿಕ್ಕರ್ ಒದ್ದಳು. ಮತ್ತೆ ಒದ್ದಳು. ಬಿಸಿಲು ನೆತ್ತಿಯ ಮೇಲೆ ನಿಂತಿತ್ತು. ಕತ್ತಿನಿಂದ ಬೆನ್ನಿಗೆ ಬೆವರು ಇಳಿಯುವುದು ಗೊತ್ತಾಯಿತು. ಏರು ಎಷ್ಟು ಉದ್ದವಿದೆಯೆಂದು, ದಿನಾ ಬಸ್ಸಿನಲ್ಲಿ ಹೋಗುವ ಅವಳು, ಮೊದಲ ಸಲ ನೋಡಿದಳು.

ಲಾರಿ ಪಕ್ಕದಿಂದ ಹಾದುಹೋಯಿತು. ಅದರ ಹಿಂದೆ ಬಂದ ತರಕಾರಿ ಗಾಡಿಯವನು ತನ್ನ ಗಾಡಿಯ ಚಕ್ರಕ್ಕೆ ಕಲ್ಲು ಕೊಟ್ಟು ಹತ್ತಿರ ಬಂದ.

"ಏನಕ್ಕಾ, ಏನಾಯ್ತು?"

ಅವಳು ಕಿಕ್ಕರಿನಿಂದ ಕಾಲು ತೆಗೆದಳು.

"ಗಾಡಿ ನಿಂತೋಯ್ತು."

"ಸರಿ, ನೀವು ಹ್ಯಾಂಡಲ್ ಹಿಡ್ಕೊಳ್ಳಿ" ಎಂದವನೇ ಅವನು ಹಿಂದೆ ಹೋಗಿ ಸೀಟಿಗೆ ಎರಡೂ ಕೈ ಕೊಟ್ಟು ತಳ್ಳತೊಡಗಿದ. ಅವಳು ಇಳಿದು, ಹ್ಯಾಂಡಲ್ ಹಿಡಿದು ಪಕ್ಕದಲ್ಲಿ ನಡೆದಳು. ಹೆಜ್ಜೆ ಹೆಜ್ಜೆಗೂ ಗೊಂಚಲು ಝಲ್ಲೆನ್ನುತ್ತಿತ್ತು.