ಶುಕ್ರವಾರದ ತೂಕ

ಇಕ್ರಾಳನ್ನು ಆಟೋದಿಂದ ಇಳಿಸಿಕೊಂಡವಳು ನಾನೇ. ಏಳು ವರ್ಷದ ಮಗು, ಎತ್ತಿಕೊಂಡರೆ ನನ್ನ ನಾಲ್ಕು ವರ್ಷದ ರಯಾನ್‌ಗಿಂತ ಹಗುರ. ಮೈಮೇಲಿದ್ದ ಸ್ವೆಟರೇ ಅರ್ಧ ಭಾರವೇನೋ ಅನ್ನಿಸಿತು. ಅವಳು ನನ್ನ ನಾದಿನಿ ಅಲಿಯಾಳ ಮಗಳು. ಅಲಿಯಾ ತೀರಿಕೊಂಡು ಎರಡು ವರ್ಷವಾಗಿತ್ತು, ಅವಳ ಗಂಡ ಅದಕ್ಕೂ ಮೊದಲೇ ಹೋಗಿದ್ದ. ಅಲಿಯಾಗೆ ಟಿಬಿ ಇತ್ತು ಎಂದಷ್ಟೇ ನಮಗೆ ಗೊತ್ತಿತ್ತು. ಅದರ ಹಿಂದೆ ಇನ್ನೇನಾದರೂ ಇದೆಯೇ ಎಂದು ಆಗ ಯಾರೂ ಕೇಳಲಿಲ್ಲ, ಮಗುವಿನ ರಕ್ತವನ್ನೂ ಯಾರೂ ನೋಡಲಿಲ್ಲ. ಹೊಸಕೋಟೆಯಲ್ಲಿ ತಂದೆಯ ಕಡೆಯವರು ಅವಳನ್ನು ಸಾಕುತ್ತಿದ್ದರು. ಎರಡು ತಿಂಗಳಿಂದ ಜ್ವರ ಬಿಡುತ್ತಿಲ್ಲ, ಇನ್ನು ನಮ್ಮ ಕೈಲಾಗದು ಎಂದು ಶಿವಾಜಿನಗರದ ನಮ್ಮ ಮನೆಗೆ ತಂದುಬಿಟ್ಟು ಹೋದರು.

ನನ್ನ ಅತ್ತೆ ಶಂಶುನ್ನೀಸಾ ಮೊಮ್ಮಗಳ ಮುಖವನ್ನು ಒಂದು ಸಲ ನೋಡಿದರು. ಕೊನೆಯ ದಿನಗಳಲ್ಲಿ ಅಲಿಯಾಳ ಮುಖವೂ ಹಾಗೆಯೇ ಇತ್ತು, ಕೆನ್ನೆ ಒಳಗೆ ಹೋಗಿ ಕಣ್ಣಷ್ಟೇ ದೊಡ್ಡದಾಗಿ. ಅತ್ತೆ ಒಳಗೆ ಹೋಗಿ ನಮಾಜಿನ ಚಾಪೆ ಹಾಸಿದರು.

ಮರುದಿನ ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಹೋದೆವು. ಸಂಜೆಯವರೆಗೆ ಒಂದು ಬಾಗಿಲಿಂದ ಇನ್ನೊಂದಕ್ಕೆ ಅಲೆಯಬೇಕಾಗುತ್ತದೆ ಎಂದುಕೊಂಡು ಬುತ್ತಿ ಕಟ್ಟಿಕೊಂಡಿದ್ದೆ. ಮಕ್ಕಳ ವಿಭಾಗದ ಕೊನೆಯಲ್ಲಿ ಒಂದು ಕೋಣೆ. ಅಲ್ಲಿದ್ದ ನರ್ಸ್ ನಿಖಿತಾ ಮಗುವಿನ ಬೆರಳು ಚುಚ್ಚಿ ರಕ್ತ ತೆಗೆದುಕೊಂಡರು, ಒಂದು ಡಬ್ಬಿಯಲ್ಲಿ ಮೂತ್ರ ತರಿಸಿದರು, ಪಕ್ಕದಲ್ಲೇ ಎದೆಯ ಫೋಟೋ ತೆಗೆಸಿದರು. ಬುತ್ತಿ ಬಿಚ್ಚುವ ಮೊದಲೇ ಡಾಕ್ಟರು ಕರೆದರು. ಮಗುವಿಗೆ ಎಚ್‌ಐವಿ ಇತ್ತು, ಬಹಳ ಮುಂದುವರಿದಿತ್ತು. ಜೊತೆಗೆ ಟಿಬಿ. ತೂಕ ಹನ್ನೊಂದು ಕಿಲೋ ಎಂಟುನೂರು ಗ್ರಾಂ.

ನಿಖಿತಾ ಒಂದು ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಷ್ಟೇ ತಿಳಿಯಲು ತಿಂಗಳಾಗುತ್ತಿತ್ತಂತೆ. ರಿಪೋರ್ಟು ಕೈಗೆ ಬರುವ ಹೊತ್ತಿಗೆ ಕೆಲವು ಮಕ್ಕಳು ಇರುತ್ತಲೇ ಇರಲಿಲ್ಲವಂತೆ. ಈಗ ಇಂಥ ಮಕ್ಕಳಿಗೆಂದೇ ಎಲ್ಲವನ್ನೂ ಒಂದೇ ಕೋಣೆಗೆ, ಒಂದೇ ದಿನಕ್ಕೆ ತಂದಿದ್ದಾರೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಮೊದಲ ಮೂರು ತಿಂಗಳು ಕಷ್ಟ, ಅದನ್ನು ದಾಟಿಸಿದರೆ ಮಗು ನಿಮ್ಮದು ಎಂದರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಎರಡು ವಾರ ಆಸ್ಪತ್ರೆಯಲ್ಲೇ ಇದ್ದೆವು. ಮೊದಲು ಟಿಬಿಯ ಮಾತ್ರೆ, ಅದು ಮೈಗೆ ಹಿಡಿದ ಮೇಲೆ ಎಚ್‌ಐವಿಯದು. ಎಚ್‌ಐವಿಯ ಮಾತ್ರೆಯನ್ನು ಪುಡಿ ಮಾಡಬೇಕಿಲ್ಲ, ಮೂಗು ಹಿಡಿದು ನುಂಗಿಸಬೇಕಿಲ್ಲ. ಲೋಟದ ತಳದಲ್ಲಿ ಸ್ವಲ್ಪ ನೀರು ಹಾಕಿ ಬಿಟ್ಟರೆ ತಾನೇ ಕರಗಿ ಹಣ್ಣಿನ ವಾಸನೆ ಬರುತ್ತಿತ್ತು. ಇಕ್ರಾ ಲೋಟದೊಳಗೆ ಬೆರಳಾಡಿಸಿ ಕೊನೆಯ ಹನಿಯನ್ನೂ ನೆಕ್ಕುತ್ತಿದ್ದಳು. ಮಾತ್ರೆ ಎಷ್ಟು ಎಂಬುದು ಅವಳ ತೂಕದ ಮೇಲೆ. ತೂಕ ಏರಿದಂತೆ ಮಾತ್ರೆಯೂ ಏರಬೇಕು ಎಂದು ನಿಖಿತಾ ನನ್ನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಹೇಳಿಕೊಟ್ಟರು.

ಆಮೇಲಿನ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ ಕರೆದುಕೊಂಡು ಹೋದೆ. ತೂಕ ಹದಿಮೂರೂವರೆಗೆ ಬಂತು. ನಾನು ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಒಂದು ಅಂಗಡಿಯಲ್ಲಿ ಮಧ್ಯಾಹ್ನದವರೆಗೆ ಸೀರೆಗಳಿಗೆ ಫಾಲ್ ಹೊಲಿಯುತ್ತೇನೆ. ಅಲ್ಲಿ ರಜೆಯ ಮೇಲೆ ರಜೆ ಆಗುತ್ತಿತ್ತು. ಅದನ್ನು ತಿಳಿದು ನಿಖಿತಾ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟರು. ಪ್ರತಿ ಶುಕ್ರವಾರ ಹನ್ನೊಂದಕ್ಕೆ ತಾವೇ ಫೋನ್ ಮಾಡುತ್ತೇವೆ, ತೂಕ ಹೇಳಿದರೆ ಸಾಕು ಎಂದರು. ಮನೆಯಲ್ಲಿರುವವರು ಅತ್ತೆ. ತಕ್ಕಡಿಗೇನೂ ಕೊರತೆಯಿರಲಿಲ್ಲ. ನನ್ನ ಗಂಡ ಮುಕ್ತಾರ್‌ಗೆ ರಸೆಲ್ ಮಾರ್ಕೆಟ್ಟಿನ ಪಕ್ಕದ ಗಲ್ಲಿಯಲ್ಲಿ ಈರುಳ್ಳಿ ಅಂಗಡಿ ಇದೆ, ಮೂಟೆ ತೂಗುವ ಕರೆಂಟಿನ ತಕ್ಕಡಿ ನೆಲದ ಮೇಲೇ ಇರುತ್ತದೆ. ಅತ್ತೆ ಮೊಮ್ಮಗಳನ್ನು ಅದರ ಮೇಲೆ ನಿಲ್ಲಿಸಿ, ಮನೆಗೆ ಬಂದು ಫೋನಿಗೆ ಕಾಯುವುದು. ಜುಮ್ಮಾ ನಮಾಜಿಗೆ ಮುಂಚಿನ ಗಿರಾಕಿಗಳ ಗದ್ದಲದ ನಡುವೆ ಮುಕ್ತಾರ್ ತಲೆಯೆತ್ತಿಯೂ ನೋಡುತ್ತಿರಲಿಲ್ಲ.

ಆ ಎರಡು ತಿಂಗಳಲ್ಲಿ ನನ್ನ ಕಣ್ಣೆದುರು ಏನೇನೋ ನಡೆಯಿತು. ಎಣ್ಣೆ ಹಚ್ಚುವಾಗ ಅಂಗೈಗೆ ಒತ್ತುತ್ತಿದ್ದ ಬೆನ್ನೆಲುಬು ಸಿಗದಂತಾಯಿತು. ಉದುರಿದ್ದ ಕಡೆ ಕೂದಲು ಮೊಳೆಯಿತು. ಒಂದು ದಿನ ಅನ್ನ ತಿನ್ನುತ್ತಿದ್ದವಳು ತಟ್ಟೆ ಬಿಟ್ಟು ಬಂದು, ಮುಮಾನಿ, ಹಲ್ಲು ಅಲ್ಲಾಡ್ತಿದೆ ಎಂದು ಬಾಯಿ ತೆರೆದಳು. ಸೋದರಮಾವನ ಹೆಂಡತಿಯಾದ ನನ್ನನ್ನು ಅವಳು ಕರೆಯುವುದು ಹಾಗೆ. ಮುಂದಿನ ಕೆಳಹಲ್ಲು. ಬೇರೆ ಮಕ್ಕಳಿಗೆ ಒಂದು ವರ್ಷ ಮೊದಲೇ ಬಿದ್ದಿರುತ್ತದೆ. ಇಷ್ಟು ದಿನ ಉಸಿರು ಉಳಿಸಿಕೊಳ್ಳುವುದರಲ್ಲೇ ಮುಳುಗಿದ್ದ ಆ ಮೈಗೆ ಈಗ ಹಲ್ಲು ಬದಲಿಸಲು ಪುರುಸೊತ್ತಾಗಿತ್ತು. ನಾನು ಆ ಹಲ್ಲನ್ನು ಮುಟ್ಟಿ ಮುಟ್ಟಿ ನೋಡಿದೆ. ಒಲೆಯ ಮೇಲಿನ ಬೇಳೆ ತಳ ಹತ್ತಿತು.

ತೂಕ ಎಷ್ಟು ಎಂದು ಕೇಳಿದಾಗಲೆಲ್ಲ ಅತ್ತೆ, ಇದೆ, ಎಲ್ಲಾ ಹೇಳಿದೀನಿ ಎನ್ನುತ್ತಿದ್ದರು. ಯಾರಾದರೂ ಮಗು ಚೇತರಿಸಿಕೊಂಡಳು ಎಂದರೆ, ಎಲ್ಲಿ, ಒಣಗಿದಾಳೆ ಎಂದು ಸೆರಗಿನಲ್ಲಿ ಮುಚ್ಚುತ್ತಿದ್ದರು. ಅದು ಅವರ ಸ್ವಭಾವ. ಗಲ್ಲಿಯಲ್ಲಿ ಯಾವ ಅಜ್ಜಿಯೂ ತನ್ನ ಮೊಮ್ಮಗು ದುಂಡಗಿದೆ ಎಂದು ಒಪ್ಪಿಕೊಂಡದ್ದನ್ನು ನಾನು ಕೇಳಿಲ್ಲ.

ಒಂದು ಬುಧವಾರ ಹೊಲಿಗೆಯ ನಡುವೆ ನನ್ನ ಫೋನ್ ಬಡಿದುಕೊಂಡಿತು. ನಿಖಿತಾ.

"ಮೂರು ವಾರದಿಂದ ತೂಕ ಇಳೀತಾ ಇದೆಯಲ್ಲಮ್ಮ. ಹದಿಮೂರೂವರೆ ಇದ್ದಿದ್ದು ಹದಿಮೂರಕ್ಕೆ ಬಂದಿದೆ. ನಿಮ್ಗೆ ಮನೇಲಿ ಹೇಳಿಲ್ವಾ? ನಾಳೆ ಬೆಳಿಗ್ಗೆನೇ ಕರ್ಕೊಂಡ್ ಬನ್ನಿ. ಎರಡು ಜೊತೆ ಬಟ್ಟೆನೂ ಇಟ್ಕೊಳ್ಳಿ."

ಬಟ್ಟೆ ಎಂದರೆ ಮತ್ತೆ ದಾಖಲು ಎಂದರ್ಥ. ಮಾತ್ರೆ ಕೆಲಸ ಮಾಡುತ್ತಿಲ್ಲವೇನೋ, ಬದಲಿಸಬೇಕಾಗಬಹುದು ಎಂದರು. ಆದರೆ ಮುಖ ದುಂಡಗಾಗಿದೆಯಲ್ಲ ಎಂದು ನಾನು ಕೇಳಿದೆ. ಊತವೂ ಇರಬಹುದು, ಕಾಲು ನೋಡಿ ಎಂದರು.

ಅರ್ಧ ಹೊಲಿದ ಸೀರೆಯನ್ನು ಹಾಗೇ ಬಿಟ್ಟು ಮನೆಗೆ ಬಂದೆ. ಇಕ್ರಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೊಣಕಾಲಿನ ಕೆಳಗೆ ಹೆಬ್ಬೆರಳಿಂದ ಒತ್ತಿದೆ. ಊತವಾದರೆ ಗುಳಿ ಹಾಗೇ ನಿಲ್ಲುತ್ತದೆ. ಒತ್ತಿ, ಬೆರಳು ತೆಗೆದು, ನೋಡಿ, ಮತ್ತೆ ಒತ್ತಿದೆ. ಗುಳಿ ನಿಲ್ಲಲಿಲ್ಲ. ನನಗೆ ಕಾಣಿಸುತ್ತಿಲ್ಲವೇನೋ ಎಂದು ಬಾಗಿಲ ಬೆಳಕಿಗೆ ತಂದು ಒತ್ತಿದೆ. ಅವಳಿಗೆ ಕಚಗುಳಿಯಾಗಿ ನಗುತ್ತಿದ್ದಳು. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದರು. ಆಸ್ಪತ್ರೆಯ ಮಾತು ಹೇಳಿದೆ. ಅವರ ಮುಖ ಸುಣ್ಣದಂತಾಯಿತು. ಏನೋ ಹೇಳಲು ಬಾಯಿ ತೆರೆದವರು, ನಾನೂ ಬರ್ತೀನಿ ದುಲ್ಹನ್ ಎಂದಷ್ಟೇ ಅಂದರು. ಸೊಸೆಯಾಗಿ ಬಂದ ದಿನದಿಂದ ಅವರು ನನ್ನನ್ನು ಕರೆಯುವುದು ಹಾಗೆ.

ಮರುದಿನ ಆಟೋದಲ್ಲಿ ಉದ್ದಕ್ಕೂ ಅವರ ತುಟಿ ದುವಾ ಓದುತ್ತಿತ್ತು. ಬಟ್ಟೆಯ ಚೀಲ ನನ್ನ ಕಾಲ ಬಳಿ ಇತ್ತು.

ನಿಖಿತಾ ಇಕ್ರಾಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ನೋಡಿದರು. ಇಳಿಸಿ, ಚಪ್ಪಲಿ ತೆಗೆಸಿ, ಮತ್ತೆ ನಿಲ್ಲಿಸಿದರು. ಆಮೇಲೆ ತಾವೇ ಹತ್ತಿ ನಿಂತರು.

"ಮಿಷಿನ್ ಸರಿಯಾಗೇ ಇದೆ. ನನ್ ತೂಕ ಕರೆಕ್ಟಾಗಿ ತೋರಿಸ್ತಿದೆ, ಏನ್ ಮಾಡೋದು."

ಇಕ್ರಾ ಹದಿನಾರು ಕಿಲೋ ನೂರು ಗ್ರಾಂ ಇದ್ದಳು.

ಇಕ್ರಾ ತನ್ನ ಚಪ್ಪಲಿ ಹಾಕಿಕೊಳ್ಳುತ್ತ, ಮಾವನ ತಕ್ಕಡೀಲೂ ಹದಿನಾರೇ ಬಂದಿತ್ತು ಎಂದಳು. ನಾನಿ ಆ ಅಂಕಿಯ ಮೇಲೆ ಸೆರಗು ಹಾಕಿ ಮುಚ್ಚಿದರು, ಯಾರಿಗೂ ಹೇಳಬೇಡ ಅಂದರು ಎಂದಳು.

ನಾನು ಅವಳ ನಾನಿಯ, ನನ್ನ ಅತ್ತೆಯ ಕಡೆ ತಿರುಗಿದೆ. ನನಗೆ ಬಂದದ್ದು ಸಿಟ್ಟೋ ಸಮಾಧಾನವೋ ನನಗೇ ತಿಳಿಯಲಿಲ್ಲ. ಅತ್ತೆ ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದುಕೊಂಡು ನೆಲ ನೋಡುತ್ತಿದ್ದರು.

"ಇವಳಮ್ಮನ್ನ ನಾನು ಊರೆಲ್ಲಾ ಹೊಗಳ್ಕೊಂಡು ತಿರುಗಿದೆ. ನನ್ ಮಗಳು ಹಂಗಿದಾಳೆ, ಹಿಂಗಿದಾಳೆ, ಮೈಕೈ ತುಂಬ್ಕೊಂಡಿದಾಳೆ ಅಂತ. ಅದೇ ವರ್ಷ ಹಾಸಿಗೆ ಹಿಡಿದಳು. ಇವಳ ತೂಕ ಹದಿನಾಲ್ಕಾದಾಗ ನನ್ ಬಾಯಿಗೆ ಬರ್ಲಿಲ್ಲ ಮಾ, ಹದಿಮೂರೂವರೆ ಅಂತಾನೇ ಹೇಳ್ತಿದ್ದೆ. ಹೇಳಿದ್ರೆ ಹೋಗ್ಬಿಡ್ತಾಳೆ ಅನ್ನಿಸ್ತು. ಏರ್ತಾ ಏರ್ತಾ ಇನ್ನೂ ಭಯ ಆಯ್ತು. ಇಳೀತಿದೆ ಅಂತ ಹೇಳ್ದೆ."

ಡಾಕ್ಟರು ಬಂದು ಎಲ್ಲ ಕೇಳಿದರು. ಅವರು ಗದರಲಿಲ್ಲ, ಆದರೆ ಮುಖ ಬಿಗಿಯಿತು. ತೂಕ ಹದಿನಾಲ್ಕು ದಾಟಿದ ದಿನದಿಂದ ಮಾತ್ರೆ ಹೆಚ್ಚಾಗಬೇಕಿತ್ತು. ಸುಮಾರು ಏಳು ವಾರ ಮಗು ತನ್ನ ಮೈಗೆ ಸಾಲದಷ್ಟು ಔಷಧಿ ಕುಡಿದಿದೆ. ಅರೆಹೊಟ್ಟೆ ಔಷಧಿಯಲ್ಲಿ ವೈರಸ್ಸು ಸಾಯುವುದಿಲ್ಲ, ಔಷಧಿಯನ್ನೇ ಎದುರಿಸಲು ಕಲಿಯುತ್ತದೆ. ಹಾಗೆ ಕಲಿತಿದ್ದರೆ ಈ ಹಣ್ಣಿನ ವಾಸನೆಯ ಮಾತ್ರೆ ಇನ್ನು ಅವಳಿಗೆ ಉಪಯೋಗಕ್ಕಿಲ್ಲ, ಮಕ್ಕಳಿಗೆ ಕೊಡಬಹುದಾದ ಬೇರೆ ಮಾತ್ರೆಗಳೂ ಹೆಚ್ಚಿಲ್ಲ. ರಕ್ತ ನೋಡದೆ ಏನೂ ಹೇಳಲಾಗದು ಎಂದರು.

ಅತ್ತೆ ಗೋಡೆಗೆ ಒರಗಿ ನೆಲದ ಮೇಲೇ ಕೂತುಬಿಟ್ಟರು.

ರಕ್ತ ನೋಡುವ ಯಂತ್ರ ಆ ಕೋಣೆಯಲ್ಲೇ ಇತ್ತು, ನನ್ನ ಹೊಲಿಗೆಯ ಮಿಷಿನ್‌ಗಿಂತ ಸ್ವಲ್ಪ ದೊಡ್ಡದು. ಮುಂಚೆ ಈ ಪರೀಕ್ಷೆಗೆ ರಕ್ತವನ್ನು ಬೇರೆ ಕಡೆ ಕಳಿಸಿ ವಾರಗಟ್ಟಲೆ ಕಾಯಬೇಕಿತ್ತಂತೆ. ಈಗ ಒಂದೂವರೆ ಗಂಟೆ. ನಿಖಿತಾ ಒಂದು ಚಿಕ್ಕ ಡಬ್ಬಿಯನ್ನು ಅದರ ಬಾಯಿಗಿಟ್ಟು ಬಾಗಿಲು ಹಾಕಿದರು. ಹಸಿರು ದೀಪ ಮಿಣುಕತೊಡಗಿತು. ಮೊದಲ ದಿನ ಚಮಚದ ಕಾಲುಭಾಗದಷ್ಟು ರಕ್ತದಲ್ಲಿ ಎಂಟು ಲಕ್ಷ ವೈರಸ್ಸು ಸಿಕ್ಕಿತ್ತು. ಇವತ್ತು ಎಷ್ಟು ಎಂದು ಅದು ಎಣಿಸುತ್ತಿತ್ತು. ಆ ಒಂದೂವರೆ ಗಂಟೆ ನಾನು ಆ ದೀಪ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಇಕ್ರಾ ನನ್ನ ತೋಳಿಗೆ ಒರಗಿ ನಿದ್ದೆ ಹೋದಳು. ಅವಳ ಭಾರಕ್ಕೆ ನನ್ನ ತೋಳು ಜೋಮು ಹಿಡಿಯಿತು. ನಾನು ಅಲುಗಲಿಲ್ಲ. ತೋಳು ಜೋಮು ಹಿಡಿಯುವಷ್ಟು ಭಾರ ಈ ಮಗುವಿಗೆ ಎಲ್ಲಿಂದ ಬಂತು ಎಂದು ಯೋಚಿಸುತ್ತ ಕೂತೆ. ನಾನು ಕೊಟ್ಟದ್ದು ಅನ್ನ, ಬೇಳೆ, ಮೊಟ್ಟೆ, ನೀರಿನಲ್ಲಿ ಕರಗುವ ಒಂದಿಷ್ಟು ಮಾತ್ರೆ. ಅಷ್ಟರಿಂದಲೇ ಕತ್ತಲಲ್ಲಿ ಯಾರಿಗೂ ಕಾಣದಂತೆ ಆ ಮೈ ತನ್ನನ್ನು ತಾನೇ ಮತ್ತೆ ಕಟ್ಟಿಕೊಂಡಿತ್ತು.

ದೀಪದ ಮಿಣುಕು ನಿಂತಿತು. ನಿಖಿತಾ ಪರದೆ ಓದಿ, ಡಾಕ್ಟರನ್ನು ಕರೆದರು. ಇಬ್ಬರೂ ಓದಿದರು.

"ಸಿಕ್ಕಿಲ್ಲ," ಎಂದರು ಡಾಕ್ಟರು. "ಒಂದೂ ಸಿಕ್ಕಿಲ್ಲ."

ಪೂರ್ತಿ ಹೋಗಿಲ್ಲ, ಒಳಗೆಲ್ಲೋ ಅಡಗಿರುತ್ತದೆ, ಮಾತ್ರೆ ದಿನವೂ ಬೇಕೇ ಬೇಕು ಎಂದು ಅವರು ವಿವರಿಸಿದರು. ಕಡಿಮೆ ಔಷಧಿಯಲ್ಲೂ ಈ ಮೈ ಹಿಡಿದು ನಿಂತಿದೆ, ಇನ್ನೊಮ್ಮೆ ಹೀಗಾದರೆ ನಿಲ್ಲುತ್ತದೆ ಎಂದು ಹೇಳಲಾರೆ ಎಂದರು. ನಾನು ತಲೆಯಾಡಿಸುತ್ತಲೇ ಇದ್ದೆ. ಎಂಟು ಲಕ್ಷ ಎಲ್ಲಿ ಹೋಯಿತು ಎಂಬುದನ್ನು ನನ್ನ ತಲೆಗೆ ಹಿಡಿಸಿಕೊಳ್ಳಲು ಆಗುತ್ತಿರಲಿಲ್ಲ. ಅತ್ತೆ ಎದ್ದು ಆ ಯಂತ್ರದ ಹತ್ತಿರ ಹೋದರು. ಮುಟ್ಟಬಹುದೇ ಎಂದು ಕೇಳಿ, ಅದರ ಬೆನ್ನಿನ ಮೇಲೆ ಒಂದು ಗಳಿಗೆ ಕೈಯಿಟ್ಟರು.

ಹೊಸ ಲೆಕ್ಕದ ಮಾತ್ರೆ ಕಟ್ಟಿಕೊಡುವಾಗ ನಿಖಿತಾ ಅತ್ತೆಗೆ ಹೇಳಿದರು, "ಅಜ್ಜಿ, ದೃಷ್ಟಿ ತೆಗೀರಿ, ಮೆಣಸಿನಕಾಯಿ ಸುಡಿ, ಏನ್ ಬೇಕಾದ್ರೂ ಮಾಡಿ. ಬೀದೀಲಿ ಒಣಗಿದಾಳೆ ಅಂತಾನೇ ಹೇಳಿ. ನನ್ ಹತ್ರ ಮಾತ್ರ ಸುಳ್ಳು ಬೇಡ."

ಇನ್ನು ಮುಂದೆ ಫೋನ್ ನನಗೇ ಮಾಡಿ, ನಾನೇ ತೂಗಿ ಈರುಳ್ಳಿ ಅಂಗಡಿಯಿಂದಲೇ ಹೇಳುತ್ತೇನೆ ಎಂದೆ ನಾನು. ಅತ್ತೆಯನ್ನು ನಂಬುವ ಮನಸ್ಸು ಆಗ ನನಗಿರಲಿಲ್ಲ. ಅತ್ತೆ ನನ್ನ ಮುಂಗೈ ಹಿಡಿದರು.

"ಬೇಡ ದುಲ್ಹನ್. ನಾನೇ ಹೇಳ್ತೀನಿ."

ಮುಂದಿನ ಶುಕ್ರವಾರ ನಾನು ಕೆಲಸಕ್ಕೆ ಹೋಗಲಿಲ್ಲ. ತೂಗಿ ಬಂದ ಮೇಲೆ ಅತ್ತೆ ಕೋಣೆಯ ನಡುವೆ ಕೂತು ಫೋನನ್ನು ಮುಂದಿಟ್ಟುಕೊಂಡರು. ಹನ್ನೊಂದಕ್ಕೆ ಅದು ಬಡಿದುಕೊಂಡಿತು. ಎತ್ತಿ ಕಿವಿಗಿಟ್ಟವರು ಸಲಾಂ ಹೇಳಿ ಸುಮ್ಮನಾದರು. ಆ ಕಡೆಯಿಂದ ನಿಖಿತಾ ಹಲೋ, ಅಜ್ಜಿ ಎನ್ನುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಅತ್ತೆಯ ಹಣೆಯ ಮೇಲೆ ಬೆವರಿತ್ತು. ಒಂದು ಕೈ ಇಕ್ರಾಳ ಫ್ರಾಕಿನ ಅಂಚನ್ನು ಮುದುಡಿ ಹಿಡಿದಿತ್ತು. ಒಬ್ಬ ಮಗಳನ್ನು ಮಣ್ಣಿಗೆ ಕೊಟ್ಟವರು, ಈಗ ಮೊಮ್ಮಗಳನ್ನೂ ತಮ್ಮ ಬಾಯಿಂದಲೇ ಅಪಾಯಕ್ಕೆ ಒಡ್ಡುತ್ತಿದ್ದೇವೆ ಎಂದು ನಂಬಿಕೊಂಡೇ ಆ ಮಾತು ಆಡಬೇಕಿತ್ತು. ಯಂತ್ರವಾಗಲಿ ಡಾಕ್ಟರಾಗಲಿ ಆ ನಂಬಿಕೆಯನ್ನು ತೆಗೆದಿರಲಿಲ್ಲ.

"ಹದಿನಾರು ಕಿಲೋ ನಾನೂರು ಗ್ರಾಂ," ಎಂದರು ಅತ್ತೆ. ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ. ಆಮೇಲೆ ದೃಷ್ಟಿ ತಾಗದಿರಲೆಂದು ಮೆಲ್ಲಗೆ, "ಮಾಶಾಲ್ಲಾ ಅನ್ನು ಮಾ, ಒಂದ್ಸಲ."

ನಿಖಿತಾ ಅಂದರು.

ಅತ್ತೆ ಫೋನ್ ಕೆಳಗಿಟ್ಟರು. ಆ ಮಧ್ಯಾಹ್ನವಿಡೀ ಇಕ್ರಾ ಎಲ್ಲಿ ಹೋದರೂ ಹಿಂದೆಯೇ ಹೋದರು, ಹಣೆ ಮುಟ್ಟಿದರು, ಬೆನ್ನು ಮುಟ್ಟಿದರು. ಕೊನೆಗೆ ಅವಳು ಬೇಸತ್ತು, ಬಿಡಿ ನಾನಿ ಎಂದು ಕೈ ಕಿತ್ತುಕೊಂಡು ರಯಾನ್‌ನ ಜೊತೆ ಗಲ್ಲಿಗೆ ಓಡಿದಳು. ಅವಳ ಹೆಜ್ಜೆಗೆ ನಮ್ಮ ಮೆಟ್ಟಿಲು ಸದ್ದು ಮಾಡಿತು.