ಒಂದೇ ಗಾಜು, ಎರಡು ಸಲ

ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳಿಗೆ ಎಲ್ಲರೂ ಸೇರಿ ಇಟ್ಟ ಹೆಸರು ತಕ್ಕಡಿ. ಹೆಸರಿಟ್ಟವರು ಅನ್ಯಾಯವನ್ನೇನೂ ಮಾಡಿರಲಿಲ್ಲ. ಚಪ್ಪಲಿ ಕೊಳ್ಳಲು ಹೋದರೆ ಹಳೆಯ ಚಪ್ಪಲಿಯಲ್ಲೇ ವಾಪಸು ಬರುತ್ತಿದ್ದಳು. ಟೀ ಬೇಕೋ ಕಾಫಿ ಬೇಕೋ ಎಂದು ಕೇಳಿದವರು ಅವಳ ಉತ್ತರ ಬರುವಷ್ಟರಲ್ಲಿ ತಮ್ಮ ಲೋಟ ತೊಳೆದಿಟ್ಟಿರುತ್ತಿದ್ದರು. ವಿಚಿತ್ರವೆಂದರೆ, ಬೇರೆಯವರ ಬಾಯಿಂದ ತೀರ್ಮಾನ ಹೊರಡಿಸುವುದೇ ಅವಳ ಕೆಲಸ. ಕುರ್ಚಿಯಲ್ಲಿ ಕೂತವರ ಮೂಗಿನ ಮೇಲೆ ಭಾರದ ಫ್ರೇಮ್ ಇಟ್ಟು, ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, "ಇದು ಚೆನ್ನಾಗಿ ಕಾಣುತ್ತಾ, ಮೊದಲಿನದಾ?" ಎಂದು ದಿನವಿಡೀ ಕೇಳುತ್ತಿದ್ದಳು. ತಡವರಿಸಿದವರಿಗೆ, "ಇದೇನು ಸ್ಕೂಲ್ ಪರೀಕ್ಷೆ ಅಲ್ಲ, ತಪ್ಪಾದ್ರೆ ಯಾರೂ ಬೈಯಲ್ಲ, ಕಂಡಿದ್ದು ಹೇಳಿ" ಎಂದು ಧೈರ್ಯ ಬೇರೆ ತುಂಬುತ್ತಿದ್ದಳು.

ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನು ಹೋದ ಬೇಸಿಗೆಯಲ್ಲಿ ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, "ನನ್ನ ಮದುವೆ ಆಗ್ತೀರಾ?" ಎಂದು ನೇರವಾಗಿ ಕೇಳಿದ್ದ. ಅವನ ಬಗ್ಗೆ ಅವಳಿಗೆ ಸಂಶಯವಿರಲಿಲ್ಲ. ಅವನು ರಜೆ ಹಾಕಿದ ದಿನ ಇಡೀ ಅಂಗಡಿ ಬಣಗುಡುತ್ತಿತ್ತು. ಆದರೂ "ನಾಳೆ ಹೇಳ್ತೀನಿ" ಎಂದಳು. ಅಮ್ಮ ಏನನ್ನುತ್ತಾಳೋ, ಒಂದೇ ಅಂಗಡಿಯಲ್ಲಿ ಗಂಡ ಹೆಂಡತಿ ಅಂದರೆ ಹೇಗೋ, ಇನ್ನೂ ಒಳ್ಳೆಯವನು ಎಲ್ಲೋ ಕಾಯುತ್ತಿದ್ದರೆ? ಹೀಗೆ ಮೀನ ಮೇಷ ಎಣಿಸುತ್ತಿರುವಾಗಲೇ ಚಳಿಗಾಲ ಬಂತು. ಅವನು ಕೇಳಿದಾಗಲೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಳು. ಕೊನೆಗೆ ಅವನು ಕೇಳುವುದನ್ನೇ ಬಿಟ್ಟ. ಅದನ್ನು ಅವಳು ತಾಳ್ಮೆ ಎಂದುಕೊಂಡಳು.

ಆಮೇಲೆ ಕೌಂಟರಿಗೆ ಅವಳ ಚಿಕ್ಕಮ್ಮನ ಮಗಳು ಬಂದಳು. ಕೆಲಸ ಕೊಡಿಸಿದವಳು ತಕ್ಕಡಿಯೇ. ಯಾರನ್ನೂ ದೂರುವ ಹಾಗಿರಲಿಲ್ಲ. ಈ ತಂಗಿ ಹಿಂದೆ ಮುಂದೆ ನೋಡುವವಳಲ್ಲ. ಬಂದ ವಾರದಲ್ಲೇ ಕೂದಲು ಕತ್ತರಿಸಿಕೊಂಡಳು, ಬಾಡಿಗೆ ಮನೆ ಬದಲಾಯಿಸಿದಳು, ಎರಡೂ ಸರಿಹೋಗದಿದ್ದಾಗ ನಕ್ಕು ಸುಮ್ಮನಾದಳು. ಸಿದ್ಧವಾದ ಕನ್ನಡಕ ತರಲು ಹಿಂದಿನ ಕೋಣೆಗೆ ಹೋದರೆ ಬೇಗ ಬರುತ್ತಿರಲಿಲ್ಲ. ಯಂತ್ರದ ಸದ್ದು ನಿಲ್ಲುತ್ತಿತ್ತು. ಗೋಡೆಯಾಚೆಯಿಂದ ನಗು ಕೇಳಿಸುತ್ತಿತ್ತು, ಇಬ್ಬರದೂ. ತಕ್ಕಡಿ ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ತಾನೂ ತಿನ್ನ, ಪರರಿಗೂ ಕೊಡ ಎನ್ನುವ ಬುದ್ಧಿ ತನ್ನದು ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರುವುದಿಲ್ಲವಲ್ಲ.

ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ತಂಗಿಯೇ ಬಂದು ಕುರ್ಚಿಯಲ್ಲಿ ಕೂತಳು.

"ತಲೆನೋವು ಬರ್ತಿದೆ ಅಕ್ಕ, ನನ್ನ ಕಣ್ಣೂ ಒಂದ್ಸಲ ನೋಡಿಬಿಡು."

ತಕ್ಕಡಿ ಅವಳ ಒಂದು ಕಣ್ಣನ್ನು ಕಪ್ಪು ಬಿಲ್ಲೆಯಿಂದ ಮುಚ್ಚಿ ಶುರು ಮಾಡಿದಳು. ಕೇಳಿ ಮುಗಿಯುವ ಮೊದಲೇ ಉತ್ತರ. "ಮೊದಲಿನದು." "ಇದು." "ಇದೇ." ಇವಳಿಗೆ ಎಲ್ಲವೂ ಎಷ್ಟು ಸಲೀಸು ಎಂದು ತಕ್ಕಡಿಗೆ ಮೈಯೆಲ್ಲ ಉರಿಯಿತು. ಗಾಜನ್ನು ತೆಗೆದು, ಒರೆಸಿ, ಅದನ್ನೇ ಮತ್ತೆ ಹಾಕಿದಳು.

"ಮೊದಲಿನದಾ, ಎರಡನೇದಾ?"

"ಎರಡನೇದು."

"ಎರಡೂ ಒಂದೇ ಗಾಜು," ಎಂದಳು ತಕ್ಕಡಿ, ಗೆದ್ದವಳ ಹಾಗೆ.

ತಂಗಿಗೆ ನಾಚಿಕೆಯೇನೂ ಆಗಲಿಲ್ಲ. "ಒಂದೇ ಥರ ಕಾಣ್ತು ಅಕ್ಕ. ಹಾಗಿದ್ಮೇಲೆ ಯಾವುದಾದ್ರೇನು? ಒಂದು ಹೇಳಿದ್ರೆ ಮುಂದಕ್ಕೆ ಹೋಗಬಹುದು." ಆಮೇಲೆ ದನಿ ತಗ್ಗಿಸಿ ಹೇಳಿದಳು, "ಹಿಂದಿನ ಕೋಣೆಯವರಿದ್ದಾರಲ್ಲ, ಅವರಾಗೇ ಕೇಳೋ ಹಾಗೆ ಕಾಣಲ್ಲ. ಸಾಯಂಕಾಲ ನಾನೇ ಕೇಳಿಬಿಡ್ತೀನಿ. ಒಪ್ಪಿದ್ರೆ ಮದುವೆ. ಇಲ್ಲ ಅಂದ್ರೆ, ಅವರೊಬ್ರೇನಾ ಇರೋದು?"

ತಕ್ಕಡಿಯ ಹೆಬ್ಬೆರಳು ಫ್ರೇಮಿನಿಂದ ತೆಗೆಯುತ್ತಿದ್ದ ಗಾಜಿನ ನಡುವೆಯೇ ಅಚ್ಚೊತ್ತಿತು. ಇವಳಿಗೆ ಅವನು ಒಂದೇ ಥರ ಕಾಣುವ ಗಾಜುಗಳಲ್ಲಿ ಒಂದು. ತನಗೋ, ಗೋಡೆಯ ಮೇಲಿನ ಅಕ್ಷರದ ಹಲಗೆಯ ಕಟ್ಟಕಡೆಯ ಸಾಲಿನವರೆಗೂ ಸ್ಪಷ್ಟವಾಗಿ ಕಂಡವನು ಅವನೊಬ್ಬನೇ. ಇಷ್ಟು ದಿನ ಕಾಣದೆ ತಡವರಿಸಿದ್ದಲ್ಲ. ಕಂಡಿದ್ದನ್ನು ಹೇಳಿದರೆ ಎಲ್ಲಿ ತಪ್ಪಾಗುತ್ತದೋ ಎಂದು ಬಾಯಿ ಬಿಟ್ಟಿರಲಿಲ್ಲ.

"ಕೂತಿರು, ಬಂದೆ."

ಹಿಂದಿನ ಕೋಣೆಯಲ್ಲಿ ಅವನು ಯಂತ್ರದ ಮೇಲೆ ಬಗ್ಗಿದ್ದ. ಗಾಜಿನ ಹುಡಿ ಬೆರೆತ ನೀರು ಬಟ್ಟಲಿಗೆ ತೊಟ್ಟಿಕ್ಕುತ್ತಿತ್ತು.

"ಹೋದ ಬೇಸಿಗೆಯಲ್ಲಿ ಕೇಳಿದ್ರಲ್ಲ, ಅದಕ್ಕೆ ಹ್ಞೂಂ," ಎಂದಳು.

ಅವನು ಯಂತ್ರ ನಿಲ್ಲಿಸಿದ. ಕೈ ಒರೆಸಿಕೊಂಡ. ಅವಳ ಮುಖ ನೋಡಿದ. ಆಮೇಲೆ ತಂಗಿ ಕೂತಿದ್ದ ಕಡೆಯ ಗೋಡೆಯನ್ನೂ ಒಂದು ಸಲ ನೋಡಿದ. ಆ ಒಂದು ನೋಟ ತಕ್ಕಡಿಯ ಕಣ್ಣಿಗೆ ಖಾರ ಎರಚಿದ ಹಾಗಾಯಿತು.

"ನಾಳೆ ಹೇಳ್ತೀನಿ," ಎಂದ.

ಈ ಮಾತನ್ನು ಹೇಳಿ ಅವಳಿಗೆ ಅಭ್ಯಾಸವಿತ್ತು, ಕೇಳಿ ಇರಲಿಲ್ಲ. ಇಷ್ಟು ತಿಂಗಳು ಇವನು ಇದನ್ನೇ ನುಂಗಿಕೊಂಡು ಗಾಜು ಉಜ್ಜಿದನೇ ಎನಿಸಿತು. ಎಂದಿನ ತಕ್ಕಡಿಯಾಗಿದ್ದರೆ ಸರಿ ಎಂದು ತಿರುಗಿ ಹೋಗುತ್ತಿದ್ದಳು. ಈ ಸಲ ಮೂಲೆಯ ಸ್ಟೂಲ್ ಎಳೆದು, ಅದರ ಮೇಲಿನ ಹುಡಿಯನ್ನೂ ಒರೆಸದೆ ಕೂತಳು.

"ಹೇಳಿ. ನಾಳೆ ತನಕ ಇಲ್ಲೇ ಕೂತಿರ್ತೀನಿ."

ಗೋಡೆಯಾಚೆಯಿಂದ ತಂಗಿಯ ದನಿ ಬಂತು. "ಅಕ್ಕಾ, ಎಲ್ಲಿ ಹೋದೆ? ಎರಡನೇದು ಅಂತಲೇ ಬರ್ಕೋ."

ತಕ್ಕಡಿ ಏಳಲಿಲ್ಲ. ಅವನೂ ಯಂತ್ರ ಶುರು ಮಾಡಲಿಲ್ಲ.