ಮೊದಲ ಆಮ್ಲೆಟ್ಟಿನ ಶಪಥ

ಗೋವಾದ ದಾಬೋಲಿಮ್‌ಗೆ ಬರುವ ವಿಮಾನಗಳು ವಾಸ್ಕೋದಲ್ಲಿ ಗಾಡಿ ಇಟ್ಟ ಸುಂದರವ್ವನ ಬಾಣಲೆಯ ವಾಸನೆ ಹಿಡಿದೇ ಕೆಳಗಿಳಿಯುತ್ತಿದ್ದವು. ನಂಬದವರು ಅವಳ ರೋಸ್ ಆಮ್ಲೆಟ್ ತಿಂದಿಲ್ಲ, ಅಷ್ಟೇ. ರೋಸ್ ಅಂದರೆ ಅಲ್ಲಿ ಸಾರು: ಒಳಗೆ ಹಸಿಹಸಿ ಆಮ್ಲೆಟ್, ಮೇಲೆ ಕುದಿಯುವ ಕೋಳಿಸಾರು, ಪಕ್ಕಕ್ಕೆ ಪಾವ್. ವಿಜಯಪುರದವಳಿಗೆ ಗೋವಾದ ಸಾರು ಎಲ್ಲಿ ಬರಬೇಕು ಎಂದು ಮೂಗು ಮುರಿದವರ ಎದುರು, ಗಾಡಿ ಹಾಕಿದ ದಿನವೇ ಅವಳು ಶಪಥ ಮಾಡಿದ್ದಳು: ದಿನದ ಮೊದಲ ಆಮ್ಲೆಟ್ ಗಿರಾಕಿಗಳ ಕಣ್ಣೆದುರು ತಾನು ತಿನ್ನದೆ ಎರಡನೆಯದನ್ನು ಮಾರುವುದಿಲ್ಲ.

ಆರು ವರ್ಷ ಶಪಥ ನಡೆಯಿತು. ಮೊನ್ನೆ ಒಂದು ಸಂಜೆ ಎರಡು ತುತ್ತು ಇಳಿದವೋ ಇಲ್ಲವೋ, ತುಟಿ ಉಬ್ಬಿದವು. ಎಷ್ಟು ಉಬ್ಬಿದವೆಂದರೆ ಅವುಗಳ ನೆರಳಿನಲ್ಲಿ ಇಬ್ಬರು ಕೂರಬಹುದಿತ್ತು. ಸೀನಿದ ರಭಸಕ್ಕೆ ಹೆದ್ದಾರಿಯ ಲಾರಿಗಳು ಬ್ರೇಕ್ ಹಾಕಿದವು. ಮರುದಿನವೂ ಅದೇ ಕಥೆ. ಎದುರಿನ ಕಚೋರಿ ಅಂಗಡಿಯ ಮೋತಿಲಾಲ, ಮೊಟ್ಟೆಯ ಹೆಸರು ಕೇಳಿದರೂ ಬಾಯಿ ಮುಕ್ಕಳಿಸುವ ಮನುಷ್ಯ, ಅವಳ ಮೊಟ್ಟೆ ಕೊಳೆತಿವೆಯೆಂದು ವಾಸ್ಕೋ ತುಂಬ ಸಾರಿದ. ಮೂರನೆಯ ಸಂಜೆ ಗಾಡಿಯ ಮುಂದೆ ನಾಯಿ ಕೂಡ ನಿಲ್ಲಲಿಲ್ಲ.

ಗಂಡ ನಿಂಗಣ್ಣ ಇದು ದೃಷ್ಟಿಯೇ ಎಂದು ತೀರ್ಮಾನಿಸಿ ಅವಳ ಮುಖಕ್ಕೆ ಮೂರು ಸಲ ಮೊಟ್ಟೆ ನಿವಾಳಿಸಿದ. ಅವಳು ಇನ್ನೂ ಹೆಚ್ಚು ಸೀನಿದಳು. ಹೋದ ದೀಪಾವಳಿಗೆ ಅವನು ಒಂದು ಪಂಜರ ಲವ್ ಬರ್ಡ್ಸ್ ತಂದಿದ್ದ. ಅವನ ಪ್ರಕಾರ ಎಂಟು, ಅವಳ ಕಿವಿಯ ಪ್ರಕಾರ ಎಂಟು ಸಾವಿರ. ಅಂದಿನಿಂದ ಅವನ ಅಂಗಿಯ ಮೇಲೆ ಪುಕ್ಕ ತಪ್ಪಿರಲಿಲ್ಲ.

ಅಲ್ಲಿನ ಆಸ್ಪತ್ರೆಯಲ್ಲಿದ್ದ ಧಾರವಾಡದ ಡಾಕ್ಟರ್ ಧನಶ್ರೀ ಮನೆಯಲ್ಲಿ ಏನೇನು ಸಾಕಿದ್ದೀರೆಂದು ಕೇಳಿ, ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟ್ ನೋಡಿ ಹೇಳಿದಳು.

"ತತ್ತಿ ಕೆಟ್ಟಿಲ್ರೀ ಸುಂದರವ್ವ. ಹಕ್ಕಿ ಪುಕ್ಕದ ಧೂಳು ನಿಮ್ಮ ಮೈಗೆ ಆಗಿಬರವಲ್ದು. ಆ ಧೂಳಿನಾಗ ಇರೋ ಪ್ರೋಟೀನಿನಂಥದ್ದ ತತ್ತಿ ಹಳದಿಯೊಳಗೂ ಅದ, ಕೋಳಿಯೊಳಗೂ ಅದ. ಮೈ ಎರಡನ್ನೂ ಒಂದ ಅಂತ ತಿಳಕೊಂಡು ಜಗಳಕ್ಕ ನಿಲ್ತದ."

ಹಕ್ಕಿ ಮನೆಯಲ್ಲಿರಬಾರದು, ಮೊಟ್ಟೆ ಕೋಳಿ ಬಾಯಿಗೆ ಹೋಗಬಾರದು, ಉಸಿರು ಕಟ್ಟಿದರೆ ಓಡಿ ಬರಬೇಕು ಎಂದಳು. ತಿಂದರೆ ಜೀವಕ್ಕೆ ಕುತ್ತು, ತಿನ್ನದಿದ್ದರೆ ಗಾಡಿಗೆ ಬೀಗ. ಬಸ್ಸಿನಲ್ಲಿ ಸುಂದರವ್ವ ತಲೆ ಹಿಡಿದು ಕೂತಳು. ಪಕ್ಕದಲ್ಲಿ ನಿಂಗಣ್ಣನ ಹೆಗಲ ಮೇಲೆ ಒಂದು ಹಸಿರು ಪುಕ್ಕ ಕಂಡಿತು. ತಲೆ ಎತ್ತಿದಳು.

ಮರುದಿನ ಸಂಜೆ ರಿಪೋರ್ಟನ್ನು ಗಾಡಿಗೆ ಹೂಮಾಲೆಯ ಹಾಗೆ ತೂಗುಹಾಕಿ, ಬಂದುಹೋಗುವವರಿಗೆಲ್ಲ ಕಥೆ ಹೇಳಿ, ಮೊದಲ ಆಮ್ಲೆಟ್ಟನ್ನು ಗಂಡನ ಮುಂದಿಟ್ಟಳು.

"ಹಕ್ಕಿ ತಂದಾವ್ರು ನೀವು. ಇನ್ನ ಮ್ಯಾಲ ನನ್ನ ಶಪಥ ನಿಮ್ಮ ಬಾಯಾಗ. ತಿನ್ರಿ."

ಮೋತಿಲಾಲ ರಸ್ತೆ ದಾಟಿ ಬಂದು, ಒಂದು ಕಣ್ಣು ವಾಚಿನ ಮೇಲೆ, ಒಂದು ಕಣ್ಣು ನಿಂಗಣ್ಣನ ತುಟಿಯ ಮೇಲೆ ಇಟ್ಟು ನಿಂತ. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ನಿಂಗಣ್ಣ ಏಳನೆಯ ಆಮ್ಲೆಟ್ ಮುಗಿಸಿ ಸಾರು ನೆಕ್ಕುತ್ತಿದ್ದ. ಮೀಸೆಯ ಕೆಳಗೆ ತುಟಿ ದಾರದಷ್ಟೇ ತೆಳ್ಳಗಿತ್ತು. ಮೊದಲು ಟ್ಯಾಕ್ಸಿಯವರು ತಟ್ಟೆ ಚಾಚಿದರು, ಆಮೇಲೆ ಹಮಾಲರು. ಸಾಲಿನ ಬಾಲ ವಾಸ್ಕೋ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಮುಟ್ಟಿ ರೈಲು ತಡವಾಯಿತು.

ಮೆಲ್ಲಗೆ ಜಾರುತ್ತಿದ್ದ ಮೋತಿಲಾಲನನ್ನು ಸುಂದರವ್ವ ಕೂಗಿ ನಿಲ್ಲಿಸಿದಳು. ರಿಕ್ಷಾದಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಪಂಜರವನ್ನು ದೂರದಿಂದಲೇ ಸಟ್ಟುಗದಿಂದ ತೋರಿಸಿದಳು.

"ಸೇಠಜೀ, ತತ್ತಿ ಮುಟ್ಟಲಾರದಾವ್ರು ನೀವು, ನಿಮಗ ಇವು ಚಲೋ ಒಪ್ತಾವು. ಕೆಪೆ ಊರಾಗಿನ ನಿಮ್ಮ ಮನಿಗೆ ಒಯ್ರಿ."

ಸಾಲು ಪೂರ್ತಿ ನಕ್ಕಿತು. ಅವಳು ಒಂದೇ ಕೈಯಲ್ಲಿ ಎರಡು ಮೊಟ್ಟೆ ಒಡೆದಳು.

"ಮುಂದಿನವ್ರು ಯಾರ್ರೀ?"